ಕಾರಿಗೆ ಹಾಕಿಸಿದ ಹೊಸ ಸ್ಟೀರಿಯೊ, ವರ್ಷಗಳ ಬಳಕೆಯ ನಂತರ

ಹೊಸ ಸ್ಟೀರಿಯೊ ಹಾಕಿಸಿದ ಮೊದಲ ವಾರ ಯಾವ ಕಾರಿನಲ್ಲೂ ಹಾಡು ಚೆನ್ನಾಗಿಯೇ ಕೇಳಿಸುತ್ತದೆ. ಅದಕ್ಕೇ ಆಗ ಏನೂ ಬರೆಯಲಿಲ್ಲ. ಈಗ ಬಿಸಿಲು, ಮಳೆ, ಗುಂಡಿ ಬಿದ್ದ ರಸ್ತೆ ಎಲ್ಲ ಕಂಡು ಕೆಲವು ವರ್ಷ ಕಳೆದಿವೆ. ಯಾವುದು ಬಾಳಿಕೆ ಬಂತು, ಯಾವುದು ಸೊರಗಿತು ಅಂತ ಧೈರ್ಯವಾಗಿ ಹೇಳಬಹುದು. ನನಗೆ ಅತಿ ಹೆಚ್ಚು ಸಂತೋಷ ಕೊಟ್ಟಿದ್ದು ಬಾಗಿಲೊಳಗೆ ಅಂಟಿಸಿದ, ತಗಡಿನ ನಡುಕ ತಡೆಯುವ ಡ್ಯಾಂಪಿಂಗ್ ಶೀಟು ಮತ್ತು ಅಚ್ಚುಕಟ್ಟಾಗಿ ಎಳೆದ ವೈರಿಂಗ್. ಎಲ್ಲಕ್ಕಿಂತ ಬೇಗ ಹಳೆಯದಾಗಿದ್ದು ಟಚ್ ಸ್ಕ್ರೀನು.

ನನ್ನ ಸೆಟಪ್ ಇಷ್ಟು. ಡಬಲ್ ಡಿನ್ ಹೆಡ್ ಯೂನಿಟ್, ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಕೂರುವ, ದೊಡ್ಡ ಅಳತೆಯ ಪರದೆಯಿರುವ ಸ್ಟೀರಿಯೊ. ಮುಂದಿನ ಬಾಗಿಲುಗಳಿಗೆ ಆರೂವರೆ ಇಂಚಿನ ಕಾಂಪೊನೆಂಟ್ ಸ್ಪೀಕರ್, ಅಂದರೆ ತಗ್ಗಿನ ಸ್ವರಗಳ ವೂಫರ್ ಕೆಳಗೆ, ಏರುಸ್ವರಗಳ ಪುಟ್ಟ ಟ್ವೀಟರ್ ಬೇರೆಯಾಗಿ ಮೇಲೆ ಕನ್ನಡಿಯ ಹತ್ತಿರ. ಸೀಟಿನಡಿ ನಾಲ್ಕು ಚಾನೆಲ್‌ನ ಕ್ಲಾಸ್ ಡಿ ಆಂಪ್, ಅಂದರೆ ಸ್ಪೀಕರ್‌ಗಳಿಗೆ ಹೆಚ್ಚು ಶಕ್ತಿ ಕೊಡುವ ಆಂಪ್ಲಿಫೈಯರ್. ಅದರ ಎರಡು ಚಾನೆಲ್ ಮುಂದಿನ ಸ್ಪೀಕರ್‌ಗಳಿಗೆ, ಉಳಿದೆರಡನ್ನು ಬ್ರಿಜ್ ಮಾಡಿ (ಒಂದಾಗಿ ಸೇರಿಸಿ) ಡಿಕ್ಕಿಯಲ್ಲಿರುವ, ಆಳದ ಬೇಸ್ ನುಡಿಸುವ ಹತ್ತು ಇಂಚಿನ ಸಬ್ ವೂಫರ್‌ಗೆ. ಹಿಂದಿನ ಬಾಗಿಲಲ್ಲಿ ಕಾರಿನ ಜೊತೆ ಬಂದ ಸ್ಪೀಕರ್‌ಗಳೇ ಇವೆ. ಹಿಂದೆ ಕೂತವರಿಗೆ ಅಷ್ಟು ಸಾಕು.

ಆಂಪ್ ಬೇಕೇ ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಹೆಡ್ ಯೂನಿಟ್‌ನ ಡಬ್ಬದ ಮೇಲೆ 4 x 50 ವ್ಯಾಟ್ ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ಗರಿಷ್ಠ ಲೆಕ್ಕ. ಎಂಜಿನ್ ಓಡುವಾಗಲೂ ಕಾರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. ಅಷ್ಟು ವೋಲ್ಟೇಜಿನಲ್ಲಿ ಹೆಡ್ ಯೂನಿಟ್ ಒಳಗಿನ ಚಿಪ್ಪು 4 ಓಮ್ ಸ್ಪೀಕರ್‌ಗೆ ನಿಜವಾಗಿ ಕೊಡುವುದು ಚಾನೆಲ್‌ಗೆ 20 ವ್ಯಾಟ್ ಆಸುಪಾಸು. ಆದ್ದರಿಂದ ಆರ್‌ಎಂಎಸ್ ಅಂಕಿ, ಅಂದರೆ ಸತತವಾಗಿ ಕೊಡಬಲ್ಲ ವ್ಯಾಟ್, ಎಷ್ಟಿದೆ ಅಂತ ಮಾತ್ರ ನೋಡಿ. ಆಂಪ್ ಕೊಳ್ಳುವಾಗ ಅದರ ಮೇಲೆ ಸಿಟಿಎ-2006 ಎಂಬ ಅಳತೆಯ ಗುರುತು ಇದ್ದರೆ ಒಳ್ಳೆಯದು. 14.4 ವೋಲ್ಟ್, 4 ಓಮ್, ಶೇ. 1ಕ್ಕಿಂತ ಹೆಚ್ಚಿಲ್ಲದ ಡಿಸ್ಟಾರ್ಶನ್ (ಸದ್ದು ಕೆಡುವ ಪ್ರಮಾಣ) ಎಂಬ ಒಂದೇ ಅಳತೆಗೋಲಿನಲ್ಲಿ ಅಳೆದ ಅಂಕಿ ಅದು. ಎರಡು ಕಂಪನಿಗಳ ಆಂಪ್‌ಗಳನ್ನು ಹೋಲಿಸಲು ಅದೇ ಆಧಾರ. ಇನ್ನೊಂದು ವಿಷಯ. ವ್ಯಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ, 3 ಡೆಸಿಬೆಲ್ ಜಾಸ್ತಿಯಾಗುತ್ತದೆ ಅಷ್ಟೆ. ಆಂಪ್‌ನಿಂದ ನನಗೆ ಸಿಕ್ಕ ನಿಜವಾದ ಲಾಭ ಜೋರು ಸದ್ದಲ್ಲ. ಸಾಧಾರಣ ವಾಲ್ಯೂಮಿನಲ್ಲೂ ಮೃದಂಗದ ಒಂದೊಂದು ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದೆ. ಈಗಲೂ ಹಾಗೇ ಇದೆ.

ಇನ್ನು ಬಾಗಿಲು. ಈ ವಿಮರ್ಶೆಯಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಮನೆಯ ಸ್ಪೀಕರ್‌ಗೆ ಮುಚ್ಚಿದ ಮರದ ಪೆಟ್ಟಿಗೆ ಇರುತ್ತದೆ. ಕಾರಿನಲ್ಲಿ ಬಾಗಿಲೇ ಪೆಟ್ಟಿಗೆ. ಅದು ತೆಳು ತಗಡು, ಒಳಗಿನ ತಗಡಿನಲ್ಲಿ ಅಲ್ಲಲ್ಲಿ ದೊಡ್ಡ ತೂತುಗಳು. ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಕ್ಕೂ ತಳ್ಳುತ್ತದೆ. ಹಿಂದಿನ ಅಲೆ ಆ ತೂತುಗಳಿಂದ ಹೊರಬಂದು ಮುಂದಿನ ಅಲೆಯನ್ನು ಸೇರಿದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಇದರಲ್ಲಿ ಮೊದಲು ಹೋಗುವುದು ಬೇಸ್. ದುಬಾರಿ ಸ್ಪೀಕರ್ ಹಾಕಿಯೂ ಬೇಸ್ ಇಲ್ಲ ಎನ್ನುವವರ ಬಾಗಿಲು ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಸಿಗುವ ಕಾರಣ ಇದೇ.

ನಾನು ಮಾಡಿಸಿದ್ದು ಹೀಗೆ. ಹೊರಗಿನ ತಗಡಿನ ಒಳಬದಿಗೆ ಅಲ್ಯೂಮಿನಿಯಂ ಹೊದಿಕೆಯ ಬ್ಯುಟೈಲ್ ರಬ್ಬರ್ ಶೀಟ್ (ಮೊದಲು ಹೇಳಿದ ಡ್ಯಾಂಪಿಂಗ್ ಶೀಟು ಇದೇ) ಅಂಟಿಸಿ ರೋಲರ್‌ನಿಂದ ಒತ್ತಿಸಿದೆ. ಇಡೀ ತಗಡು ಮುಚ್ಚಬೇಕಿಲ್ಲ. ಚಪ್ಪಟೆಯಾಗಿ ನಡುಗುವ ಜಾಗದ ಕಾಲು ಭಾಗ ಮುಚ್ಚಿದರೂ ನಡುಕ ಬಹುಪಾಲು ನಿಲ್ಲುತ್ತದೆ. ಆದರೆ ಒಳತಗಡಿನ ತೂತುಗಳನ್ನು ಮಾತ್ರ ಪೂರ್ತಿ ಮುಚ್ಚಬೇಕು. ಬಾಗಿಲ ತಳದಲ್ಲಿ ಮಳೆನೀರು ಇಳಿಯುವ ಸಣ್ಣ ಕಿಂಡಿಗಳಿವೆ, ಅವು ತೆರೆದೇ ಇರಬೇಕು. ಅವನ್ನು ಮುಚ್ಚಿದರೆ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಸ್ಪೀಕರ್ ಕೂರಿಸುವ ರಿಂಗ್ ಪ್ಲಾಸ್ಟಿಕ್ಕಿನದೇ ಬೇಕು ಅಂತ ಹಟ ಹಿಡಿದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ರಿಂಗ್ ನೀರು ತಾಗಿದರೆ ಉಬ್ಬುತ್ತದೆ, ಬಾಗಿಲೊಳಗೆ ನೀರು ಇಳಿಯುವುದಂತೂ ತಪ್ಪಿದ್ದಲ್ಲ. ಸ್ಪೀಕರ್ ಕೂರಿಸುವ ಮುಂಚೆ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಮ್ಯಾಗ್ನೆಟ್‌ಗೆ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆವು.

ಇತ್ತೀಚೆಗೆ ಬಾಗಿಲಿನ ಪ್ಯಾಡ್ ತೆಗೆಸಿ ನೋಡಿದೆ. ಶೀಟು ಎಲ್ಲೂ ಎದ್ದಿಲ್ಲ, ರಿಂಗ್ ಸಡಿಲವಾಗಿಲ್ಲ. ಮೊದಲು ಬಾಗಿಲು ಹಾಕಿದರೆ ಖಾಲಿ ಡಬ್ಬ ಬಡಿದ ಹಾಗೆ ಸದ್ದು ಬರುತ್ತಿತ್ತು, ಈಗ ಗಟ್ಟಿಯಾದ ಒಂದು ಧಪ್. ಮಳೆಯಲ್ಲಿ ಹೋಗುವಾಗ ಕಾರೊಳಗೆ ಎಷ್ಟು ಹಿತವಾಗಿರುತ್ತದೆ ಅಂತ ಕೂತೇ ನೋಡಬೇಕು.

ವೈರಿಂಗ್ ವಿಷಯದಲ್ಲಿ ಉಳಿತಾಯ ಮಾಡಲೇಬೇಡಿ. ಬ್ಯಾಟರಿಯಿಂದ ಆಂಪ್‌ಗೆ ಹೋಗುವ ದಪ್ಪ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ, ಹೆಚ್ಚೆಂದರೆ 45 ಸೆಂ.ಮೀ. ಒಳಗೆ, ಫ್ಯೂಸ್ ಇರಬೇಕು. ಫ್ಯೂಸ್ ಕಾಪಾಡುವುದು ವೈರನ್ನು. ಎಲ್ಲೋ ತಗಡು ತಾಗಿ ಶಾರ್ಟ್ ಆದರೆ ಬೆಂಕಿ ಹತ್ತುವುದು ವೈರಿಗೇ. ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡನ್ನು (ಫೈರ್‌ವಾಲ್) ವೈರು ದಾಟುವ ಕಡೆ ರಬ್ಬರ್ ಬಳೆ (ಗ್ರೋಮೆಟ್) ಕಡ್ಡಾಯ. ಅಗ್ಗದ ಕಿಟ್‌ಗಳಲ್ಲಿ ಬರುವುದು ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ವೈರು. ಅದೇ ದಪ್ಪದ ಪೂರ್ತಿ ತಾಮ್ರದ ವೈರಿಗಿಂತ ಅದರ ರೆಸಿಸ್ಟೆನ್ಸ್ ತುಂಬಾ ಜಾಸ್ತಿ. ನಾನು ಪೂರ್ತಿ ತಾಮ್ರದ್ದೇ ಹಾಕಿಸಿದೆ. ಪವರ್ ವೈರ್ ಕಾರಿನ ಒಂದು ಬದಿಯಲ್ಲಿ, ಹೆಡ್ ಯೂನಿಟ್‌ನಿಂದ ಆಂಪ್‌ಗೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಇನ್ನೊಂದು ಬದಿಯಲ್ಲಿ ಹೋಗಿವೆ.

ಇಷ್ಟೆಲ್ಲ ಮಾಡಿದರೂ ಒಂದು ಮಳೆಗಾಲದ ನಂತರ ಸ್ಪೀಕರ್‌ನಲ್ಲಿ ಸಣ್ಣಗೆ ಕುಂಯ್ ಅನ್ನುವ ಸದ್ದು ಶುರುವಾಯಿತು. ಆಕ್ಸಿಲರೇಟರ್ ಒತ್ತಿದಂತೆ ಸದ್ದಿನ ಶ್ರುತಿಯೂ ಏರುತ್ತಿತ್ತು. ಹಾಗೆ ಎಂಜಿನ್ ಜೊತೆ ಏರಿಳಿದರೆ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಿಂದ ಬರುವ ಗದ್ದಲ, ಮೊದಲು ನೋಡಬೇಕಾದ್ದು ಅರ್ತ್, ಅಂದರೆ ಕಾರಿನ ತಗಡಿಗೆ ಕೊಟ್ಟ ಜೋಡಣೆ. ಆಂಪ್‌ನ ಅರ್ತ್ ಬೋಲ್ಟಿನ ಕೆಳಗೆ ತುಕ್ಕು ಕೂತಿತ್ತು. ಬಣ್ಣ ಕೆರೆದು, ಹೊಳೆಯುವ ತಗಡಿಗೆ ಹೊಸ ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದ ಮೇಲೆ ಸದ್ದು ಪೂರ್ತಿ ಹೋಯಿತು. ಈ ಬೋಲ್ಟನ್ನು ವರ್ಷಕ್ಕೊಮ್ಮೆ ನೋಡಿಸಿ. ಬೇರೆ ಯಾವ ನಿರ್ವಹಣೆಯನ್ನೂ ಈ ಸೆಟ್ ನನ್ನಿಂದ ಕೇಳಿಲ್ಲ.

ಹಾಕಿಕೊಟ್ಟವರ ಮೇಲೆ ನನಗೆ ಒಂದು ದೂರಿದೆ. ಕಾರಿನ ಮೂಲ ವೈರು ಕತ್ತರಿಸದೆ ಕಪ್ಲರ್ (ಸಿಕ್ಕಿಸುವ ಕನೆಕ್ಟರ್) ಹಾಕಿಯೇ ಜೋಡಿಸಿದರು, ಅದು ಮೆಚ್ಚಬೇಕಾದ ಮಾತು. ಆದರೆ ಕಿತ್ತಳೆ ವೈರನ್ನು ಜೋಡಿಸದೆ ಬಿಟ್ಟಿದ್ದರು. ಹೊರಗೆ ಕೊಂಡು ಹಾಕಿಸುವ ಹೆಡ್ ಯೂನಿಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಬ್ಯಾಟರಿಗೆ, ಕೆಂಪು ಕೀ ಆನ್ ಮಾಡಿದಾಗ ಬರುವ ಕರೆಂಟಿಗೆ, ಕಪ್ಪು ಅರ್ತ್‌ಗೆ. ಕಿತ್ತಳೆ ವೈರು ಹೆಡ್‌ಲೈಟ್ ಹಾಕಿದಾಗ ಪರದೆಯ ಬೆಳಕು ಕಡಿಮೆ ಮಾಡಲು. ಅದು ಇಲ್ಲದೆ ರಾತ್ರಿ ಪರದೆ ಕಣ್ಣಿಗೆ ಚುಚ್ಚುತ್ತಿತ್ತು. ಇದು ಸುರಕ್ಷತೆಯ ವಿಷಯ, ಸಣ್ಣದಲ್ಲ. ಕಾರು ವಾಪಸ್ ತೆಗೆದುಕೊಳ್ಳುವ ಮುಂಚೆ ಅಲ್ಲೇ ಹೆಡ್‌ಲೈಟ್ ಹಾಕಿಸಿ ನೋಡಿ. ಹಾಗೆಯೇ, ಕಿಟಕಿಯ ಮೇಲಿಂದ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ಎ ಪಿಲ್ಲರ್‌ನಲ್ಲಿ (ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ) ಟ್ವೀಟರ್ ಹಾಕಲು ಬಿಡಬೇಡಿ. ಏರ್‌ಬ್ಯಾಗ್ ತೆರೆಯುವ ದಾರಿಯಲ್ಲಿ ಏನೂ ಇರಬಾರದು.

ಟ್ಯೂನಿಂಗ್‌ಗೆ ಸಮಯ ಕೊಡಿ. ಹೆಡ್ ಯೂನಿಟ್‌ನಲ್ಲಿ ಟೈಮ್ ಅಲೈನ್‌ಮೆಂಟ್ ಇದ್ದರೆ ಅದನ್ನು ಖಂಡಿತ ಬಳಸಿ. ಚಾಲಕನ ಕಿವಿಗೆ ಒಂದು ಸ್ಪೀಕರ್ ಹತ್ತಿರ, ಇನ್ನೊಂದು ದೂರ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತದೆ. ಕಿವಿಯಿಂದ ಒಂದೊಂದು ಸ್ಪೀಕರ್‌ಗೂ ಇರುವ ದೂರವನ್ನು ಟೇಪಿನಲ್ಲಿ ಅಳೆದು, ವ್ಯತ್ಯಾಸವನ್ನು 34ರಿಂದ ಭಾಗಿಸಿ, ಹತ್ತಿರದ ಸ್ಪೀಕರ್‌ಗೆ ಅಷ್ಟು ಮಿಲಿಸೆಕೆಂಡ್ ತಡ ಕೊಡಿ. ಹಾಡುವವರ ದನಿ ಬಾಗಿಲಿನಿಂದ ಎದ್ದು ಡ್ಯಾಶ್‌ಬೋರ್ಡಿನ ನಡುವೆ ಬಂದು ನಿಲ್ಲುತ್ತದೆ. ಮೊದಲ ಸಲ ಅದನ್ನು ಕೇಳಿದಾಗ ಆದ ಖುಷಿ ಇವತ್ತಿಗೂ ಕಡಿಮೆಯಾಗಿಲ್ಲ. ಬಾಗಿಲ ಸ್ಪೀಕರ್‌ಗಳಿಗೆ 80 ಹರ್ಟ್ಸ್‌ಗಿಂತ ಕೆಳಗಿನದು ಹೋಗದಂತೆ, ಸಬ್‌ಗೆ ಅದಕ್ಕಿಂತ ಮೇಲಿನದು ಹೋಗದಂತೆ ಇಟ್ಟಿದ್ದೇನೆ. ಆಂಪ್‌ನ ಗೇನ್ ಇರುವುದು ಸದ್ದು ಜೋರು ಮಾಡುವುದಕ್ಕಲ್ಲ, ಹೆಡ್ ಯೂನಿಟ್‌ನ ಸಿಗ್ನಲ್ಲಿಗೆ ಹೊಂದಿಸುವುದಕ್ಕೆ. ಸುಮ್ನೆ ಪೂರ್ತಿ ತಿರುಗಿಸಿದರೆ ಸಿಗ್ನಲ್ ಕ್ಲಿಪ್ ಆಗಿ, ಅಂದರೆ ಅಲೆಯ ತುದಿ ಕತ್ತರಿಸಿಹೋಗಿ, ಟ್ವೀಟರ್ ಸುಡಬಹುದು.

ಸಬ್ ಪೂರ್ತಿ ಮುಚ್ಚಿದ ಸೀಲ್ಡ್ ಬಾಕ್ಸ್‌ನಲ್ಲಿದೆ. ಗಾಳಿಗೆ ಕಿಂಡಿಯಿರುವ ಪೋರ್ಟೆಡ್ ಬಾಕ್ಸ್‌ನಷ್ಟು ಗುಡುಗುವುದಿಲ್ಲ, ಆದರೆ ಬಿಗಿಯಾಗಿ ನುಡಿಯುತ್ತದೆ, ಜಾಗವೂ ಕಡಿಮೆ. ಲಗೇಜ್ ಜಾಸ್ತಿ ಇದ್ದಾಗ ಕಳಚಿ ಮನೆಯಲ್ಲಿಡಲು ಕನೆಕ್ಟರ್ ಹಾಕಿಸಿಕೊಂಡಿದ್ದೇನೆ.

ಕೊನೆಗೆ ಸೊರಗಿದ್ದರ ಬಗ್ಗೆ. ಹೆಡ್ ಯೂನಿಟ್ ಈಗ ಚಾಲೂ ಆಗಲು ಮೊದಲಿಗಿಂತ ನಿಧಾನ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಪರದೆ ಬೆರಳಿಗೆ ತಡವಾಗಿ ಸ್ಪಂದಿಸುತ್ತದೆ. ಯುಎಸ್‌ಬಿ ಸಾಕೆಟ್ ಸಡಿಲವಾಗಿ ಆಂಡ್ರಾಯ್ಡ್ ಆಟೊ ನಡುನಡುವೆ ಕಡಿಯುತ್ತದೆ. ಆದ್ದರಿಂದ ಮುಂದೆ ಬದಲಿಸುವುದು ಇದೊಂದನ್ನೇ. ಅಳತೆ ಸ್ಟ್ಯಾಂಡರ್ಡ್ 180 x 100 ಮಿ.ಮೀ. ಆಗಿರುವುದರಿಂದ ಡ್ಯಾಶ್‌ಬೋರ್ಡ್ ಮುಟ್ಟಬೇಕಿಲ್ಲ. ಈ ಸಲ ವಾಲ್ಯೂಮಿಗೆ ತಿರುಗಿಸುವ ಗುಂಡಿ ಇರುವುದು, ಮೂರು ಜೋಡಿ ಆರ್‌ಸಿಎ ಔಟ್‌ಪುಟ್ ಮತ್ತು 4 ವೋಲ್ಟ್ ಪ್ರೀ ಔಟ್ (ಆಂಪ್‌ಗೆ ಹೋಗುವ ಸಿಗ್ನಲ್ಲಿನ ವೋಲ್ಟೇಜ್) ಇರುವುದನ್ನು ಹುಡುಕುತ್ತಿದ್ದೇನೆ. ಪರದೆ ಚಿಕ್ಕದಾದರೂ ಪರವಾಗಿಲ್ಲ.