ಗಾಜಿನ ಪರೀಕ್ಷೆಗೆ ಕುಳಿತ ಸೈಕಲ್ಸ್: ಬ್ಲೆಂಡರ್ 4.2ರ ರೆಂಡರ್ ಎಂಜಿನ್ ವಿಮರ್ಶೆ

ರೆಂಡರ್ ಎಂಜಿನ್ನಿನ, ಅಂದರೆ 3ಡಿ ಮಾಡೆಲ್ಲಿನಿಂದ ಚಿತ್ರ ತಯಾರಿಸುವ ತಂತ್ರಾಂಶದ, ಯೋಗ್ಯತೆ ತಿಳಿಯಬೇಕಾದರೆ ಅದರ ಮುಂದೆ ಗಾಜು ಇಡಬೇಕು. ಮರ, ಗೋಡೆ, ಬಟ್ಟೆ ಹೇಗೋ ದಾಟಿಬಿಡುತ್ತವೆ. ಕಪ್ಪು ಕಲೆ, ಬಾಗಿದ ಪ್ರತಿಬಿಂಬ, ಮಿನುಗುವ ಬಿಳಿ ಚುಕ್ಕೆಗಳೆಲ್ಲ ಹೊರಬೀಳುವುದು ಗಾಜಿನಲ್ಲೇ. 3ಡಿ ತಂತ್ರಾಂಶ ಬ್ಲೆಂಡರ್ ಜೊತೆ ಉಚಿತವಾಗಿ ಬರುವ ಸೈಕಲ್ಸ್ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಆದರೆ ಕೈಹಿಡಿದು ನಡೆಸಬೇಕು. ಕೊಟ್ಟ ಮಾಡೆಲ್ಲನ್ನು ಅದು ಚಾಚೂ ತಪ್ಪದೆ ನಂಬುತ್ತದೆ, ಹಾಗಾಗಿ ಮಾಡೆಲ್ಲಿನ ಸುಳ್ಳೆಲ್ಲ ಗಾಜಿನಲ್ಲಿ ಬಯಲಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಎಂಜಿನ್ನನ್ನು ಬೈಯುವವರೇ ಹೆಚ್ಚು. ನೆಲವೇ ಡೊಂಕಾಗಿರುವ ಜಾಗಗಳೂ ಇವೆ, ಅವು ಮುಂದೆ ಬರುತ್ತವೆ.

ಮೊದಲು ಕಪ್ಪು ಕಲೆ. ದಪ್ಪ ಗಾಜಿನ ಲೋಟ ಅಥವಾ ಒಂದರ ಹಿಂದೊಂದು ಇಟ್ಟ ಗಾಜಿನ ಹಲಗೆಗಳಲ್ಲಿ ಕಪ್ಪು ಕಂಡರೆ ಬೌನ್ಸ್, ಅಂದರೆ ಕಿರಣ ಎಷ್ಟು ಸಲ ಬಡಿದು ಮುಂದೆ ಹೋಗಬಹುದೆಂಬ ಮಿತಿ, ಮುಗಿದುಹೋಗಿರಬಹುದು. ಡಿಫಾಲ್ಟ್‌ನಲ್ಲಿ ಟೋಟಲ್ 12, ಟ್ರಾನ್ಸ್‌ಮಿಷನ್ (ಗಾಜು ಹಾಯುವುದು) 12, ಗ್ಲಾಸಿ (ಪ್ರತಿಫಲನ) ಬರೀ 4. ಎಲ್ಲರೂ ಟ್ರಾನ್ಸ್‌ಮಿಷನ್ ಏರಿಸುತ್ತಾರೆ, ಏನೂ ಆಗುವುದಿಲ್ಲ. ಕಾರಣ ಎರಡು. ಟೋಟಲ್ 12ರಲ್ಲೇ ಉಳಿದರೆ ಉಳಿದ ಮಿತಿಗಳನ್ನು ಎಷ್ಟು ಏರಿಸಿದರೂ ದಂಡ. ಎರಡನೆಯದಾಗಿ, ಗಾಜಿನ ಒಳಗೇ ಬಡಿದು ವಾಪಸಾಗುವ ಕಿರಣ ಗ್ಲಾಸಿ ಲೆಕ್ಕಕ್ಕೆ ಹೋಗುತ್ತದೆ, ನಾಲ್ಕಕ್ಕೆ ನಿಲ್ಲುತ್ತದೆ. ಮೂರನ್ನೂ ಒಟ್ಟಿಗೆ 32ಕ್ಕೆ ಏರಿಸಿ ನೋಡಿ. ಕಲೆ ಕರಗಿದರೆ ಬೌನ್ಸ್‌ನದೇ ಸಮಸ್ಯೆ. ಆಮೇಲೆ ಒಂದೊಂದಾಗಿ ಇಳಿಸುತ್ತಾ ಕಲೆ ಮರಳುವ ಸಂಖ್ಯೆ ಕಂಡುಕೊಳ್ಳಿ. 32ರಲ್ಲೂ ಕಲೆ ಕದಲದಿದ್ದರೆ ಮಾಡೆಲ್ಲಿಗೆ ಹಿಂತಿರುಗಿ.

ಅಲ್ಲಿ ನೋಡಬೇಕಾದದ್ದು ನಾರ್ಮಲ್, ಅಂದರೆ ಪ್ರತಿ ಮೈ ಮುಖ ಮಾಡಿರುವ ದಿಕ್ಕು. ಓವರ್‌ಲೇ ಮೆನುವಿನಲ್ಲಿ ಫೇಸ್ ಓರಿಯಂಟೇಶನ್ ಹಾಕಿದರೆ ಒಳಮೈ ಕೆಂಪಾಗಿ ಕಾಣುತ್ತದೆ. ಹೊರಗೆ ಕೆಂಪು ಕಂಡರೆ ಎಡಿಟ್ ಮೋಡ್‌ನಲ್ಲಿ ಎಲ್ಲವನ್ನೂ ಆಯ್ದು ಶಿಫ್ಟ್ ಮತ್ತು ಎನ್ ಒತ್ತಿ. ಗಾಜು ಒಂದೇ ಹಾಳೆಯಾಗಿದ್ದರೆ, ಒಳಹೋದ ಕಿರಣಕ್ಕೆ ಹೊರಬರುವ ಮೈಯೇ ಇರುವುದಿಲ್ಲ. ಕಿಟಕಿಯಾಚೆ ಇಡೀ ಜಗತ್ತೇ ಗಾಜಿನ ಗಟ್ಟಿಯೊಳಗೆ ಇದ್ದಂತೆ ಲೆಕ್ಕ ನಡೆದು, ದೃಶ್ಯ ಜಾರಿದ ಹಾಗೆ ಕಾಣುತ್ತದೆ. ಸಾಲಿಡಿಫೈ ಮಾಡಿಫೈಯರ್‌ನಿಂದ 6 ಮಿ.ಮೀ. ದಪ್ಪ ಕೊಡಿ. ಅದಕ್ಕೂ ಮುಂಚೆ ಕಂಟ್ರೋಲ್ ಮತ್ತು ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ. ಮೂರು ಪಟ್ಟು ಹಿಗ್ಗಿಸಿದ ಆಬ್ಜೆಕ್ಟ್‌ನಲ್ಲಿ ಆ 6 ಮಿ.ಮೀ. ಸದ್ದಿಲ್ಲದೆ 18 ಆಗುತ್ತದೆ.

ಆಗ ಕಾಣುವುದೇ ಜೋಡಿ ಪ್ರತಿಬಿಂಬ. ಇದನ್ನು ಎಂಜಿನ್ನಿನ ದೋಷ ಎಂದು ದೂರುವವರು ನಿಜವಾದ ಕಿಟಕಿಯನ್ನು ಒಮ್ಮೆ ಓರೆಯಾಗಿ ನೋಡಬೇಕು. ಮುಂಭಾಗ ಒಂದು, ಹಿಂಭಾಗ ಒಂದು, ಎರಡು ಬಿಂಬ ಅಲ್ಲೂ ಇವೆ. ಐಒಆರ್ (ವಕ್ರೀಭವನಾಂಕ) 1.5 ಇರುವ ಒಂದೊಂದು ಮೈ ನೇರ ನೋಟಕ್ಕೆ ಶೇ. 4ರಷ್ಟು ಬೆಳಕನ್ನು ಮರಳಿಸುತ್ತದೆ, ಒಂಟಿ ಗಾಜಿಗೆ ಸುಮಾರು 8, ಜೋಡಿ ಗಾಜಿಗೆ 14ರ ಆಸುಪಾಸು. ಸೈಕಲ್ಸ್ ಇದನ್ನು ಸರಿಯಾಗಿಯೇ ತೋರಿಸುತ್ತದೆ. ಎರಡು ಬಿಂಬಗಳ ಅಂತರ ಅತಿಯಾದರೆ ದಪ್ಪವನ್ನು ಅಳೆಯಿರಿ, ಅಷ್ಟೇ.

ಸಪಾಟು ಗಾಜಿನಲ್ಲಿ ಪ್ರತಿಬಿಂಬ ಅಂಚಿನ ಬಳಿ ಬಾಗುವುದು ಬೇರೆ ಮಾತು. ಮೈಯನ್ನು ನಯವಾಗಿ ತೋರಿಸುವ ಶೇಡ್ ಸ್ಮೂತ್ ಹಾಕಿದಾಗ ಹಲಗೆಯ ಮುಖದ ನಾರ್ಮಲ್ ಮತ್ತು ಅಂಚಿನ ನಾರ್ಮಲ್ ಬೆರೆತು, ಮಟ್ಟಸವಾದ ಗಾಜು ಉಬ್ಬಿದಂತೆ ಬೆಳಕನ್ನು ಮರಳಿಸುತ್ತದೆ. ಬೆವೆಲ್ (ಇಳಿಜಾರಾಗಿಸಿದ ಅಂಚು) ಇಲ್ಲದ ಹಲಗೆಗೆ ಶೇಡ್ ಫ್ಲ್ಯಾಟ್ ಸಾಕು. ಬೆವೆಲ್ ಇದ್ದರೆ ವೆಯ್ಟೆಡ್ ನಾರ್ಮಲ್ ಮಾಡಿಫೈಯರ್ ಬೇಕು. ಹಳೆಯ ಆಟೋ ಸ್ಮೂತ್ ಟಿಕ್ ಹುಡುಕಬೇಡಿ, 4.1ರಿಂದ ಅದು ಸ್ಮೂತ್ ಬೈ ಆ್ಯಂಗಲ್ ಎಂಬ ಮಾಡಿಫೈಯರ್ ಆಗಿದೆ. ಬೂಲಿಯನ್‌ನಿಂದ ತೂತು ಕೊರೆದ ಗಾಜಿನಲ್ಲಿ ತೂತಿನಿಂದ ಗೆರೆಗಳು ಚಿಮ್ಮಿದ್ದರೂ ಮೂಲ ಇದೇ. ನಾರ್ಮಲ್ ಮ್ಯಾಪ್ (ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರ) ಹಾಕಿದ ಗಾಜಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಪಟ್ಟಿ ಬಂದರೆ ಚಿತ್ರ 8 ಬಿಟ್‌ನದಾಗಿರುತ್ತದೆ. 16 ಬಿಟ್‌ನದು ತಂದು ಕಲರ್ ಸ್ಪೇಸ್ ಅನ್ನು ನಾನ್-ಕಲರ್‌ಗೆ ಇಡಿ.

ಬಿಳಿ ಚುಕ್ಕೆಗೆ, ಪುಟಿದು ಬಂದ ಬೆಳಕಿನ ಹೊಳಪಿಗೆ ಮಿತಿ ಹಾಕುವ ಕ್ಲ್ಯಾಂಪ್ ಇನ್‌ಡೈರೆಕ್ಟ್ ಅನ್ನು 10ರಿಂದ 3ಕ್ಕೆ ಇಳಿಸಬಹುದು, ಆದರೆ ದೀಪಗಳ ಪ್ರತಿಫಲಿತ ಹೊಳಪೂ ಮಂಕಾಗುತ್ತದೆ. ಫಿಲ್ಟರ್ ಗ್ಲಾಸಿ ಏರಿಸುವುದು ಉತ್ತಮ. ಕ್ಯಾಮೆರಾ ನೇರವಾಗಿ ನೋಡುವ ಪ್ರತಿಬಿಂಬವನ್ನು ಅದು ಮಸುಕು ಮಾಡುವುದಿಲ್ಲ. ಚುಕ್ಕೆಗಳನ್ನು ಅಳಿಸಿ ನಯಗೊಳಿಸುವ ಡಿನಾಯ್ಸ್ ಅನ್ನು ಆಫ್ ಮಾಡಿಟ್ಟೇ ತೀರ್ಮಾನ ಮಾಡಿ, ಇಲ್ಲವಾದರೆ ಕಲೆ ಗಾಜಿನದೋ ಡಿನಾಯ್ಸರ್ ಬಳಿದದ್ದೋ ತಿಳಿಯದು. ಗ್ಲಾಸಿ ಮತ್ತು ಟ್ರಾನ್ಸ್‌ಮಿಷನ್ ಪಾಸ್‌ಗಳನ್ನು (ಚಿತ್ರದ ಬಿಡಿ ಪದರಗಳನ್ನು) ಬೇರೆ ಬೇರೆ ತೆಗೆದು ನೋಡುವ ಸೌಲಭ್ಯ ಈ ಎಂಜಿನ್ನಿನ ದೊಡ್ಡ ಗುಣ. ತಪ್ಪು ಪ್ರತಿಬಿಂಬದಲ್ಲಿದೆಯೋ ವಕ್ರೀಭವನದಲ್ಲಿದೆಯೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನು ಡೊಂಕು ನೆಲ. ಕಿಟಕಿ ಗಾಜಿಗೆ ‘ತೆಳು ಗಾಜು’ ಎಂಬ ಒಂದು ಟಿಕ್ ಕೊಟ್ಟಿದ್ದರೆ ಎಷ್ಟೋ ಗೋಳು ತಪ್ಪುತ್ತಿತ್ತು. ಆರ್ನಾಲ್ಡ್ ಎಂಬ ಇನ್ನೊಂದು ರೆಂಡರ್ ಎಂಜಿನ್ನಿನಲ್ಲಿ ಇದೆ, 4.2ರ ಸೈಕಲ್ಸ್‌ನಲ್ಲಿ ಇಲ್ಲ. ಕಾಸ್ಟಿಕ್ಸ್ (ಗಾಜು ಹಾಯ್ದು ಬೀಳುವ ಬೆಳಕಿನ ಲೆಕ್ಕ) ಆಫ್ ಮಾಡಿದರೆ ಗಾಜಿನ ಹಿಂದಿನ ಕೋಣೆಗೆ ಬಿಸಿಲೇ ಬಾರದು, ಹಚ್ಚಿದರೆ ಚುಕ್ಕೆಗಳ ಮಳೆ. ಪರಿಹಾರ ನೋಡ್‌ಗಳಲ್ಲಿ, ಅಂದರೆ ಮೈಯ ಗುಣ ಹೇಳುವ ಶೇಡರ್‌ಗಳನ್ನು ತಂತಿಯಂತೆ ಜೋಡಿಸುವ ಪೆಟ್ಟಿಗೆಗಳಲ್ಲಿ: ಮಿಕ್ಸ್ ಶೇಡರ್‌ನ ಮೇಲಿನ ಸಾಕೆಟ್‌ಗೆ ಗ್ಲಾಸ್, ಕೆಳಗಿನದಕ್ಕೆ ಟ್ರಾನ್ಸ್‌ಪರೆಂಟ್, ಫ್ಯಾಕ್ಟರ್‌ಗೆ ಲೈಟ್ ಪಾತ್‌ನ ಈಸ್ ಶ್ಯಾಡೋ ರೇ. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಹೊಸಬರು ಇದನ್ನು ತಾವಾಗಿ ಊಹಿಸುವುದು ಸಾಧ್ಯವೇ ಇಲ್ಲ.

ಲೋಟದಲ್ಲಿನ ನೀರಿನ ವಿಷಯದಲ್ಲಿ ಕೊರತೆ ಇನ್ನೂ ದೊಡ್ಡದು. ಒಂದರೊಳಗೊಂದು ಕೂತ ಪಾರದರ್ಶಕ ವಸ್ತುಗಳಿಗೆ ಲಕ್ಸ್‌ಕೋರ್ ಎಂಬ ರೆಂಡರ್ ಎಂಜಿನ್ ಆದ್ಯತೆಯ ಸಂಖ್ಯೆ ಕೊಡಲು ಬಿಡುತ್ತದೆ. ಸೈಕಲ್ಸ್‌ಗೆ ಆ ತಿಳಿವಳಿಕೆ ಇಲ್ಲ. ನೀರಿಗೂ ಗಾಜಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೆ ಬೆಳ್ಳಿಯಂತಹ ಪದರ ಹೊಳೆಯುತ್ತದೆ, ಎರಡೂ ಮೈ ಒಂದೇ ಜಾಗದಲ್ಲಿ ಕೂತರೆ ಕಪ್ಪು ಹೊಟ್ಟು ಚೆಲ್ಲಿದಂತಾಗುತ್ತದೆ. ನೀರನ್ನು ಗಾಜಿನ ಗೋಡೆಯೊಳಕ್ಕೆ ತುಸು ಉಬ್ಬಿಸಿಟ್ಟರೆ ದೂರದ ಶಾಟ್‌ಗೆ ಸಾಕು. ಹತ್ತಿರದ ಶಾಟ್‌ಗೆ ಮೂರು ಮೈ ಪ್ರತ್ಯೇಕ ಮಾಡಬೇಕು: ಗಾಜು-ಗಾಳಿಗೆ 1.5, ನೀರು-ಗಾಳಿಗೆ 1.33, ನೀರು-ಗಾಜು ಕೂಡುವಲ್ಲಿ ನಾರ್ಮಲ್ ನೀರಿನಿಂದ ಗಾಜಿನ ಕಡೆಗೆ ತಿರುಗಿಸಿ 1.33ನ್ನು 1.5ರಿಂದ ಭಾಗಿಸಿ ಬಂದ 0.887. ಈ ಕೊನೆಯದನ್ನು ಬ್ಲೆಂಡರ್‌ನ ಡಿಫಾಲ್ಟ್ ಆದ ಪ್ರಿನ್ಸಿಪಲ್ಡ್ ಶೇಡರ್ ಒಪ್ಪುವುದಿಲ್ಲ, ಅದರ ಐಒಆರ್ 1ಕ್ಕಿಂತ ಕೆಳಗಿಳಿಯದು. ಅಲ್ಲಿ ಗ್ಲಾಸ್ ಶೇಡರ್ ಹಾಕಿ.