ಉಪ್ಪೋ, ನೀರೋ? ಲೇಕ್ ಐರ್ ನೋಡಲು ಮೂರು ಬಗೆಯ ಉಪಗ್ರಹಚಿತ್ರಗಳ ಹೋಲಿಕೆ

ಆಸ್ಟ್ರೇಲಿಯಾದ ಕಾಟಿ ತಂಡಾ–ಲೇಕ್ ಐರ್‌ನ ತಳ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ. ಹೆಚ್ಚಿನ ವರ್ಷ ಅಲ್ಲಿರುವುದು ಉಪ್ಪಿನ ಪದರವೇ. ನೆರೆ ಬಂದಾಗ ನೀರು ಎಲ್ಲಿಯವರೆಗೆ ಹರಡಿದೆ ಎಂದು ತಿಳಿಯಲು ಮೋಡಿಸ್ (ಟೆರಾ, ಆಕ್ವಾ ಉಪಗ್ರಹಗಳ ಮೇಲಿನ ಉಪಕರಣ), ಲ್ಯಾಂಡ್‌ಸ್ಯಾಟ್ 8–9, ಸೆಂಟಿನೆಲ್-2 ಚಿತ್ರಗಳು ಉಚಿತವಾಗಿ ಸಿಗುತ್ತವೆ. ಒಂದನ್ನೇ ಆರಿಸಿ ಎಂದರೆ ನಮ್ಮ ಓಟು ಲ್ಯಾಂಡ್‌ಸ್ಯಾಟ್‌ಗೆ.

ಮೋಡಿಸ್‌ನ ಅತಿ ಸಣ್ಣ ಪಿಕ್ಸೆಲ್ಲೇ 250 ಮೀಟರ್. ದಡದ ಗೆರೆ ಎಳೆಯಲು ಅದನ್ನು ನಂಬಬೇಡಿ. ಆದರೆ ದಿನವೂ ಚಿತ್ರ ಬರುತ್ತದೆ. 2025ರ ಮಾರ್ಚ್ ಕೊನೆಗೆ ಕ್ವೀನ್ಸ್‌ಲ್ಯಾಂಡಿನಲ್ಲಿ ಸುರಿದ ಮಳೆ ವಾರಗಟ್ಟಲೆ ಹರಿದು ಇಲ್ಲಿಗೆ ಬಂದದ್ದನ್ನು ಬೆನ್ನಟ್ಟಲು ಇದಕ್ಕೆ ಸಾಟಿಯಿಲ್ಲ. 7-2-1 ಬ್ಯಾಂಡ್ (ಬೆಳಕಿನ ತರಂಗಪಟ್ಟಿ) ಜೋಡಣೆಯಲ್ಲಿ ಆಳದ ನೀರು ಕಡುನೀಲಿ, ಉಪ್ಪು ತಿಳಿನೀಲಿ. ಕೆಸರುನೀರೂ ತಿಳಿಯಾಗಿ ಕಾಣುವುದರಿಂದ ಹಿಂದುಮುಂದಿನ ದಿನಗಳ ಚಿತ್ರ ಪಕ್ಕದಲ್ಲಿಟ್ಟುಕೊಳ್ಳಿ.

ನಿಜವಾದ ಪೈಪೋಟಿ ಉಳಿದೆರಡರದು. ಸೆಂಟಿನೆಲ್ 10 ಮೀಟರ್, 5 ದಿನಕ್ಕೊಮ್ಮೆ. ಲ್ಯಾಂಡ್‌ಸ್ಯಾಟ್ ಜೋಡಿ 30 ಮೀಟರ್, 8 ದಿನಕ್ಕೊಮ್ಮೆ. ಆದರೆ ನೀರಿನ ಸೂಚ್ಯಂಕಕ್ಕೆ (ಹಸಿರು ಮತ್ತು ಕಣ್ಣಿಗೆ ಕಾಣದ ಅಲ್ಪತರಂಗ ಅವಕೆಂಪು, ಅಂದರೆ SWIR, ಬೆಳಕಿನ ವ್ಯತ್ಯಾಸವನ್ನು ಅವೆರಡರ ಮೊತ್ತದಿಂದ ಭಾಗಿಸಿದ್ದು) ಬೇಕಾದ ಬಿ11 (ಅಲ್ಪತರಂಗ ಅವಕೆಂಪು) ಬ್ಯಾಂಡ್ ಸೆಂಟಿನೆಲ್‌ನಲ್ಲಿ 20 ಮೀಟರಿನದು. ಅಲ್ಲಿಗೆ ಅರ್ಧ ಮೇಲುಗೈ ಹೋಯಿತು. ಉತ್ತರ ಸರೋವರವೊಂದೇ 144 ಕಿ.ಮೀ. ಉದ್ದ. ಸೆಂಟಿನೆಲ್ ಚಿತ್ರ ಬರುವ 110 ಕಿ.ಮೀ. ಬದಿಯ ಚೌಕ ಟೈಲ್‌ಗಳನ್ನು ಹೊಲಿಯುವ ಕೆಲಸ ಬೇರೆ.

ದೊಡ್ಡ ತೊಡಕು ಒದ್ದೆ ಉಪ್ಪಿನದು. ಅದು ಹಸಿರು ಬೆಳಕನ್ನು ಚೆನ್ನಾಗಿ ಪ್ರತಿಫಲಿಸಿ ಅಲ್ಪತರಂಗ ಅವಕೆಂಪನ್ನು ಹೀರುತ್ತದೆ, ಹಾಗಾಗಿ ಸೂಚ್ಯಂಕದಲ್ಲಿ ನೀರಾಗಿಬಿಡುತ್ತದೆ. ಹಿಮ ಗುರುತಿಸುವ ಸೂತ್ರವೂ ಇದೇ! ಮರುಭೂಮಿಯಲ್ಲಿ ಹಿಮ ಬಿದ್ದಿದೆ ಎಂದು ಮಾಸ್ಕ್ (ಚಿತ್ರದ ಜೊತೆ ಬರುವ, ಮೋಡ–ಹಿಮ ಗುರುತಿಸಿದ ಪದರ) ಹೇಳಿದರೆ ಗಾಬರಿ ಬೇಡ, ಆ ವರ್ಗವನ್ನು ತೆಗೆದುಹಾಕಬೇಡಿ. ಸೂಚ್ಯಂಕ ಸೊನ್ನೆಗಿಂತ ಹೆಚ್ಚು ಎಂಬುದರ ಜೊತೆಗೆ ಸಮೀಪ ಅವಕೆಂಪು ಪ್ರತಿಫಲನ ಸುಮಾರು 0.2ಕ್ಕಿಂತ ಕಡಿಮೆ ಎಂಬ ಷರತ್ತನ್ನೂ ಸೇರಿಸಿ, ಆಮೇಲೆ ಕಣ್ಣಿಂದ ನೋಡಿ ತಿದ್ದಿ. ಬಿಳಿ ಉಪ್ಪನ್ನು ಮೋಡ ಎನ್ನುವ ತಪ್ಪೂ ಆಗುತ್ತದೆ. ಲ್ಯಾಂಡ್‌ಸ್ಯಾಟ್‌ನ ಉಷ್ಣ ಬ್ಯಾಂಡಿನಲ್ಲಿ ಮೋಡ ತಣ್ಣಗೆ ಕಂಡು ಸಿಕ್ಕಿಬೀಳುತ್ತದೆ. ಸೆಂಟಿನೆಲ್-2ಕ್ಕೆ ಆ ಬ್ಯಾಂಡೇ ಇಲ್ಲ.

ಲೆಕ್ಕದಲ್ಲಿ ಎಡವುವುದು ಇಲ್ಲಿ: 2022ರ ಜನವರಿ 25ರಿಂದ ಸೆಂಟಿನೆಲ್ ಮೌಲ್ಯಗಳಿಗೆ 1000 ಸೇರಿಸಿ ಕೊಡುತ್ತಾರೆ. ಹಸಿರು 2000, ಬಿ11 1200 ಇದ್ದಾಗ ಆ 1000ವನ್ನು ಕಳೆಯದೆ ಬಿಟ್ಟರೆ ಸೂಚ್ಯಂಕ 0.25, ಕಳೆದರೆ 0.67. ಲ್ಯಾಂಡ್‌ಸ್ಯಾಟ್ ಕಲೆಕ್ಷನ್ 2ರ (ದತ್ತಾಂಶದ ಆವೃತ್ತಿ) ಮೇಲ್ಮೈ ಪ್ರತಿಫಲನ ಬೇಕಿದ್ದರೆ ಪಿಕ್ಸೆಲ್ ಮೌಲ್ಯವನ್ನು 0.0000275ರಿಂದ ಗುಣಿಸಿ 0.2 ಕಳೆಯಿರಿ.

ಸೆಂಟಿನೆಲ್-2 ಶುರುವಾದದ್ದೇ 2015ರಲ್ಲಿ. 1974ರ ಮಹಾನೆರೆಯ ಜೊತೆ ಹೋಲಿಸಲು ಲ್ಯಾಂಡ್‌ಸ್ಯಾಟ್ 1 ಒಂದೇ ಗತಿ. ಅದಕ್ಕೆ ಅಲ್ಪತರಂಗ ಅವಕೆಂಪು ಇರಲಿಲ್ಲ. ಹಾಗಾಗಿ ಎರಡೂ ಕಾಲದ ಚಿತ್ರಗಳಿಗೆ ಹಸಿರು–ಸಮೀಪ ಅವಕೆಂಪು ಸೂಚ್ಯಂಕವನ್ನೇ ಬಳಸಿ, ಹೊಸ ಚಿತ್ರವನ್ನು ಹಳೆಯದರಂತೆ 60 ಮೀಟರಿಗೆ ಇಳಿಸಿದ ಮೇಲೆಯೇ ವಿಸ್ತೀರ್ಣ ಎಣಿಸಿ.