ಏಳು ಜನಕ್ಕೆ ಒಬ್ಬನೇ ಗೈಡ್: ನಮ್ಮ ಗುಲ್ಮಾರ್ಗ್ ಸ್ಕೀ ಪ್ಯಾಕೇಜ್

ಬೆಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿಯಿಂದ ಗುಲ್ಮಾರ್ಗ್‌ಗೆ ಐದು ದಿನದ ಸ್ಕೀ ಪ್ಯಾಕೇಜ್ ತಗೊಂಡಿದ್ದೆವು. ಫೆಬ್ರವರಿ ಎರಡನೇ ವಾರ, ಏಳು ಜನ. ಊರಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಏಜೆನ್ಸಿಗೆ ಒಂದೂವರೆ. ಆ ಒಂದೂವರೆಯೂ ಹೋಟೆಲಿನ ಬಿಸಿನೀರಿಗೆ.

ಮೈದುನ ಆರು ವರ್ಷ ಅಮೆರಿಕದ ಸ್ಕೀ ಬೆಟ್ಟಗಳ ಹತ್ತಿರದ ಡೆನ್ವರ್‌ನಲ್ಲಿ ಇದ್ದವನು, ಎಂಥ ಇಳಿಜಾರಾದರೂ ಇಳಿಯುತ್ತಾನೆ. ನಾನು ಮತ್ತು ವಾರಗಿತ್ತಿ ಬೀಳದೆ ತಿರುಗಬಲ್ಲೆವು, ಅಷ್ಟೇ. ನನ್ನ ಗಂಡ, ಹದಿಮೂರು ವರ್ಷದ ಮಗಳು, ಐವತ್ತೆಂಟರ ಚಿಕ್ಕಪ್ಪ, ಈ ಮೂವರು ಹಿಮ ಅಂತ ನೋಡಿದ್ದು ಫ್ರಿಜ್ಜಿನಲ್ಲಿ ಮಾತ್ರ. ಚಿಕ್ಕಮ್ಮ ಮೊದಲೇ ಹೇಳಿದ್ದರು: "ಕಾಲಿಗೆ ಹಲಗೆ ಕಟ್ಕೊಂಡು ಜಾರೋದು ನನ್ನಿಂದಾಗಲ್ಲಮ್ಮ. ಬಿಸಿಲಲ್ಲಿ ಕೂತು ನೋಡ್ತೀನಿ." ಇದನ್ನೆಲ್ಲ ಬುಕ್ ಮಾಡುವಾಗಲೇ ಬರೆದು ಕಳಿಸಿದ್ದೆ. "ಟೆನ್ಷನ್ ಬೇಡ ಮೇಡಂ, ಎಲ್ಲ ನೋಡ್ಕೋತೀವಿ" ಅಂದರು. ಹೋಗಿ ನೋಡಿದರೆ ಏಳೂ ಜನಕ್ಕೆ ಒಬ್ಬನೇ ಹುಡುಗ.

ಹುಡುಗನದೇನೂ ತಪ್ಪಿಲ್ಲ. ಗಂಡನನ್ನು ಎಬ್ಬಿಸಿ ನಿಲ್ಲಿಸುವಷ್ಟರಲ್ಲಿ ಮಗಳು ಬಿದ್ದಿರುತ್ತಿದ್ದಳು. ಸ್ಕೀಯ ಮೂತಿಗಳನ್ನು ಹತ್ತಿರ ತಂದು ಹಿಂಭಾಗ ಅಗಲ ಮಾಡಿದರೆ ವೇಗ ಕಡಿಮೆಯಾಗುತ್ತೆ, ಅದಕ್ಕೆ ಅಲ್ಲಿ ಪಿಜ್ಜಾ ಅನ್ನುತ್ತಾರೆ. ಅವನು "ಪಿಜ್ಜಾ! ಪಿಜ್ಜಾ!" ಅಂತ ಕೂಗುತ್ತಿದ್ದರೆ ಚಿಕ್ಕಪ್ಪ ನೆಟ್ಟಗೆ ಜಾರುತ್ತಲೇ "ಪಾಪ, ಬೆಳಿಗ್ಗೆ ಏನೂ ತಿಂದಿಲ್ವೇನೋ" ಅಂದರು. ಮೈದುನ ಬೆಳಿಗ್ಗೆಯಿಂದ ಕೈಕಟ್ಟಿ ನಿಂತಿದ್ದ. ಮಧ್ಯಾಹ್ನದ ಹೊತ್ತಿಗೆ ಅವನ ಮುಖ ಗಂಟು.

ಬೂಟಿನ ಕಥೆ ಬೇರೆಯೇ ಇದೆ. ಏಜೆನ್ಸಿಯವರೇ ಗೊತ್ತುಮಾಡಿದ್ದ ಬಾಡಿಗೆ ಅಂಗಡಿ. ಸೈಜ್ ಕೇಳಿದರು, ಕೊಟ್ಟರು, ಮುಗಿಯಿತು. ಸ್ಕೀ ಬೂಟ್ ಹಾಕಿ ನೆಟ್ಟಗೆ ನಿಂತರೆ ಹೆಬ್ಬೆರಳು ಮುಂದೆ ಸ್ವಲ್ಪ ತಾಗಬೇಕು. ಮಂಡಿ ಮುಂದಕ್ಕೆ ಬಾಗಿಸಿದರೆ ಬೆರಳು ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಏಳಬಾರದು. ಚಿಕ್ಕಪ್ಪನ ಬೂಟಿನೊಳಗೆ ಹಿಮ್ಮಡಿ ಎರಡು ಬೆರಳಷ್ಟು ಏಳುತ್ತಿತ್ತು. ಅದಕ್ಕೆ ಅಂಗಡಿಯವನ ಪರಿಹಾರ: ಇನ್ನೊಂದು ಜೊತೆ ಉಣ್ಣೆ ಸಾಕ್ಸ್! ಎರಡು ಸಾಕ್ಸ್ ಹಾಕಿದರೆ ಮಡಿಕೆ ಬಿದ್ದು ಬೊಬ್ಬೆ ಏಳುತ್ತೆ. ತೆಳುವಾದ, ಉದ್ದದ ಒಂದೇ ಜೊತೆ ಸಾಕು.

ಅದಕ್ಕಿಂತ ದೊಡ್ಡ ತಪ್ಪು ಬೈಂಡಿಂಗ್‌ದು. ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಕ್ಲಿಪ್ ಅದು. ಬಿದ್ದಾಗ ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕಾಲು ತಿರುಚುತ್ತೆ. ಎಷ್ಟು ಬಿಗಿ ಇರಬೇಕು ಅನ್ನೋದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಕಲಿತಿರುವ ಮಟ್ಟ ಎಲ್ಲ ನೋಡಿ ಹೊಂದಿಸುತ್ತಾರೆ. ನಮ್ಮಲ್ಲಿ ಒಬ್ಬರ ತೂಕವನ್ನೂ ಕೇಳಲಿಲ್ಲ. ಗಂಡ ನಡೆಯುವಷ್ಟೇ ವೇಗದಲ್ಲಿ ಬಿದ್ದರು, ಸ್ಕೀ ಬಿಟ್ಟುಕೊಳ್ಳಲಿಲ್ಲ. ಪುಣ್ಯಕ್ಕೆ ಮಂಡಿ ಊದಿದ್ದಕ್ಕೇ ಮುಗಿಯಿತು. ಆದರೆ ಅವರ ಸ್ಕೀಯಿಂಗ್ ಕೂಡ ಅಲ್ಲಿಗೇ ಮುಗಿಯಿತು. ಉಳಿದ ದಿನ ಚಿಕ್ಕಮ್ಮನ ಪಕ್ಕದ ಕುರ್ಚಿ.

ರಾತ್ರಿ ಹೋಟೆಲಿನಲ್ಲಿ ಕೂತು ನಾವೇ ಹೊಸ ಪ್ಲಾನ್ ಹಾಕಿದೆವು. ಅಲ್ಲಿಂದ ಪ್ರವಾಸ ಸರಿಹೋಯಿತು, ಯಾಕೆಂದರೆ ಊರೇ ಹಾಗಿದೆ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿರುವ ಬಟ್ಟಲಿನಂಥ ಬಯಲು. ಕಲಿಯುವವರಿಗೆ ಇಲ್ಲಿನ ಇಳಿಜಾರೇ ಸಾಕು. ಗೊಂಡೋಲಾ ಅಂದರೆ ಬೆಟ್ಟಕ್ಕೆ ಹತ್ತಿಸುವ ಕೇಬಲ್ ಕಾರ್. ಅದರ ಮೊದಲ ಹಂತ ಹತ್ತಿದರೆ ಕೊಂಗ್‌ಡೂರಿ, ಅಲ್ಲಿಂದ ಮರಗಳ ನಡುವೆ ಕೆಳಗೆ ಜಾರಿ ಬರೋದು ನಮ್ಮಂಥ ನಡುಮಟ್ಟದವರಿಗೆ. ಎರಡನೇ ಹಂತ ಅಫರ್ವತ್, ಸುಮಾರು 3,950 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಜಾಸ್ತಿ. ಅದು ಪಳಗಿದವರಿಗೆ ಮಾತ್ರ.

ಮಗಳಿಗೆ, ಚಿಕ್ಕಪ್ಪನಿಗೆ ಕೆಳಗೆ ಅದೇ ಹುಡುಗ. ಇಬ್ಬರೇ ಆದ ಮೇಲೆ ಅವನೂ ಚೆನ್ನಾಗಿ ಕಲಿಸಿದ. ನನಗೂ ವಾರಗಿತ್ತಿಗೂ ಅರ್ಧ ದಿನಕ್ಕೆ ಇನ್ನೊಬ್ಬ ಕೋಚ್. ಮೈದುನನಿಗೆ ಬೆಟ್ಟ ಗೊತ್ತಿರುವ ಗೈಡ್, ಜೊತೆಗೆ ಹಿಮದಡಿ ಸಿಕ್ಕರೆ ಹುಡುಕಲು ಬೀಕನ್, ಸಲಿಕೆ, ಚುಚ್ಚಿ ನೋಡುವ ಕೋಲು. ಡೆನ್ವರ್‌ನಲ್ಲಿ ಇದ್ದೆ ಅಂತ ಅವನು ಗೊಣಗಿದ. 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲೇ ಹಿಮಕುಸಿತಕ್ಕೆ ಸಿಕ್ಕಿ ರಷ್ಯಾದ ಸ್ಕೀಯರ್ ಒಬ್ಬರು ಸತ್ತರು ಅಂತ ನೆನಪಿಸಿದೆ. ಸುಮ್ಮನೆ ಬೀಕನ್ ಕಟ್ಟಿಕೊಂಡ.

ಎಲ್ಲರೂ ಸೇರುವುದು ಒಂದು ಗಂಟೆಗೆ, ಕೊಂಗ್‌ಡೂರಿಯಲ್ಲಿ, ಊಟಕ್ಕೆ. ಸ್ಕೀ ಮಾಡದವರೂ ಗೊಂಡೋಲಾದಲ್ಲಿ ಕೂತು ಅಲ್ಲಿಗೆ ಬರಬಹುದು. ಮೇಲಿನವನು ಇಳಿದು ಬರುತ್ತಾನೆ, ಕೆಳಗಿನವರು ಹತ್ತಿ ಬರುತ್ತಾರೆ. ರಾಜ್ಮಾ ಚಾವಲ್, ಮ್ಯಾಗಿ, ಕಾಶ್ಮೀರಿ ಚಹಾ ಕೆಹ್ವಾ. ಚಿಕ್ಕಮ್ಮ ತಂದಿದ್ದ ಚಟ್ನಿಪುಡಿ ಮ್ಯಾಗಿ ಮೇಲೂ ಬಿತ್ತು. ಒಬ್ಬರು ಇನ್ನೊಬ್ಬರಿಗೋಸ್ಕರ ಇಳಿಜಾರಿನಲ್ಲಿ ಕಾಯುವ ರಗಳೆಯೇ ಇಲ್ಲ. ಗಾಳಿ ಜೋರಾದರೆ ಎರಡನೇ ಹಂತ ನಿಲ್ಲಿಸಿಬಿಡುತ್ತಾರೆ. ನಾಲ್ಕನೇ ದಿನ ಹಾಗೇ ಆಯಿತು. ಅವತ್ತು ಮೈದುನ ಮಗಳ ಜೊತೆ ಕೆಳಗೇ ಇದ್ದ, ತಿರುಗೋದು ಹೇಳಿಕೊಟ್ಟ.

ಹೋಗುವವರು ಗೊಂಡೋಲಾ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಕೊಳ್ಳಿ, ಎರಡು ಹಂತಕ್ಕೂ ಬೇರೆ ಬೇರೆ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ. ಗುಂಪು ಮೂರು ಕಡೆ ಚದುರಿದಾಗ ಪ್ರತಿ ಕಡೆ ಒಂದಾದರೂ ಪೋಸ್ಟ್‌ಪೇಯ್ಡ್ ಇರಲಿ. ಹಿಮ ಜಾಸ್ತಿ ಬಿದ್ದಿದ್ದರೆ ದಾರಿಯಲ್ಲಿ ಸಿಗುವ ತಂಗ್‌ಮಾರ್ಗ್‌ನಲ್ಲಿ ಗಾಡಿ ಬದಲಿಸಿ, ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯಲ್ಲಿ ಮೇಲೆ ಹೋಗಬೇಕು. ಅದರ ಬಾಡಿಗೆ ಪ್ಯಾಕೇಜಿನಲ್ಲಿ ಇದೆಯಾ ಅಂತ ಕೇಳಿಕೊಳ್ಳಿ. ನಮ್ಮದರಲ್ಲಿ ಇರಲಿಲ್ಲ.

ಹೆಚ್ಚಿಗೆ ಆದ ಕೋಚ್ ಮತ್ತು ಗೈಡ್ ಖರ್ಚು ವಾಪಸ್ ಕೊಡಿ ಅಂತ ಏಜೆನ್ಸಿಗೆ ಮೂರು ಸಲ ಬರೆದೆ. ದುಡ್ಡು ಬರಲಿಲ್ಲ, ಇನ್ನೊಂದು ಸ್ಕೀ ಪ್ಯಾಕೇಜಿಗೆ ರಿಯಾಯಿತಿ ಕೂಪನ್ ಬಂತು. ಜೂನ್ 30ರವರೆಗೆ ನಡೆಯುತ್ತಂತೆ. ಹಿಮ ಬೀಳೋದು ಡಿಸೆಂಬರ್‌ಗೆ.